ಮ್ಯಾಕ್ರೋ ಲೆನ್ಸ್ ಇಲ್ಲದೆ ಮ್ಯಾಕ್ರೋ: ಟ್ಯೂಬಾ, ಕ್ಲೋಸ್‌ಅಪ್ ಲೆನ್ಸಾ?

ಮಳೆ ನಿಂತ ಮೇಲೆ ಕ್ಯಾಂಪಸ್ ತುಂಬಾ ಜೇಡ, ಇರುವೆ, ಚಿಟ್ಟೆ. ಫೋಟೋ ತೆಗೆಯೋಣ ಅಂದ್ರೆ ಮ್ಯಾಕ್ರೋ ಲೆನ್ಸ್ ಬೆಲೆ ನಮ್ಮ ಜೇಬಿಗೆ ದೊಡ್ಡದು. ಕಡಿಮೆ ಖರ್ಚಿನ ದಾರಿಗಳು ಎರಡಿವೆ. ಯಾವುದು ಸರಿ ಅನ್ನೋದನ್ನು ನಿಮ್ಮ ಹತ್ತಿರ ಈಗಾಗಲೇ ಇರುವ ಲೆನ್ಸೇ ಹೇಳುತ್ತದೆ.

ಎಕ್ಸ್‌ಟೆನ್ಷನ್ ಟ್ಯೂಬ್: ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಕೂರುವ ಕೊಳವೆ. ಒಳಗೆ ಗಾಜಿಲ್ಲ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ; ಅಷ್ಟು ಮ್ಯಾಗ್ನಿಫಿಕೇಶನ್ ಹೆಚ್ಚುತ್ತದೆ. 25 ಎಂಎಂ ಟ್ಯೂಬ್ 50 ಎಂಎಂ ಲೆನ್ಸಿಗೆ 0.5 ಕೊಡುತ್ತೆ, 200ಕ್ಕೆ ಬರೀ 0.125.

ಕ್ಲೋಸ್‌ಅಪ್ ಲೆನ್ಸ್: ಫಿಲ್ಟರ್ ತರ ಲೆನ್ಸಿನ ಮುಂದೆ ತಿರುಗಿಸಿ ಹಾಕೋದು. +4 ಡಯಾಪ್ಟರ್ ಅಂದ್ರೆ ಅದರ ಫೋಕಲ್ ಲೆಂತ್ 1000 ÷ 4 = 250 ಎಂಎಂ. ನಿಮ್ಮ ಲೆನ್ಸನ್ನು ಇನ್ಫಿನಿಟಿಗೆ ಇಟ್ಟರೆ, 50 ಎಂಎಂಗೆ 50 ÷ 250 = 0.2, 200 ಎಂಎಂಗೆ 0.8. ಕೀಟದಿಂದ ಸುಮಾರು 25 ಸೆಂಟಿಮೀಟರ್ ದೂರವೂ ಉಳಿಯುತ್ತೆ, ಅದು ಬೇಗ ಹೆದರಲ್ಲ. (1 ಬಂದರೆ ಇರುವೆ ಸೆನ್ಸರ್ ಮೇಲೆ ನಿಜವಾದ ಗಾತ್ರದಲ್ಲೇ ಬೀಳುತ್ತದೆ.)

ಹಾಗಾಗಿ 50 ಎಂಎಂ ಇದ್ದವರು ಟ್ಯೂಬ್ ತಗೊಳ್ಳಿ. 55-250 ತರದ ಜೂಮ್ ಇದ್ದವರು ಕ್ಲೋಸ್‌ಅಪ್ ಲೆನ್ಸ್.

ಕೊಳ್ಳುವಾಗ ನೋಡಬೇಕಾದ್ದು:

1. ಟ್ಯೂಬಿನಲ್ಲಿ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇರಲಿ. ಇಲ್ಲದಿದ್ದರೆ ಈಗಿನ ಬಹುತೇಕ ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಿಸೋಕಾಗಲ್ಲ. ಟ್ಯೂಬ್ ಬೆಳಕನ್ನೂ ಕಡಿಮೆ ಮಾಡುತ್ತದೆ.

2. ಒಂದೇ ಗಾಜಿನ ಅಗ್ಗದ ಕ್ಲೋಸ್‌ಅಪ್ ಲೆನ್ಸಿನಲ್ಲಿ ಅಂಚುಗಳಿಗೆ ಬಣ್ಣ ಹರಡುತ್ತದೆ. ಎರಡು ಗಾಜು ಸೇರಿಸಿದ ಅಕ್ರೋಮ್ಯಾಟ್ ಸ್ವಲ್ಪ ದುಬಾರಿಯಾದರೂ ಅದೇ ಒಳ್ಳೇದು. ನಿಮ್ಮ ಲೆನ್ಸಿನ ಫಿಲ್ಟರ್ ಅಳತೆ ನೋಡಿಕೊಂಡೇ ಆರ್ಡರ್ ಮಾಡಿ.

ಯಾವುದನ್ನೇ ಹಾಕಿ, ಫೋಕಸ್ ಸಿಗೋದು ಕೆಲವೇ ಮಿಲಿಮೀಟರ್. ಎಫ್/8ರಿಂದ ಶುರು ಮಾಡಿ, ಫೋಕಸ್ ರಿಂಗ್ ಬಿಟ್ಟು ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ.