ಸಂಘಟ್ಟನೆಗೆ ಮುನ್ನ: ಒಂದು ಕಣಶೋಧಕದ ಸಿದ್ಧತೆ

ಜಿನೀವಾದ ಬಳಿ, ಫ್ರಾನ್ಸಿನ ನೆಲದಡಿ 56 ಮೀಟರ್ ಆಳದಲ್ಲಿ, ಸರ್ನ್ ಸಂಸ್ಥೆಯ ‘ಆಲಿಸ್’ ಕಣಶೋಧಕವಿದೆ. ಬೆಳಕಿನ ವೇಗವನ್ನು ಸಮೀಪಿಸಿದ ಸೀಸದ ನ್ಯೂಕ್ಲಿಯಸ್ಸುಗಳು ಇಲ್ಲಿ ಸಂಘಟ್ಟಿಸಿದಾಗ, ವಿಶ್ವದ ಆದಿಯಲ್ಲಿದ್ದ ಕ್ವಾರ್ಕ್-ಗ್ಲೂಆನ್ ಪ್ಲಾಸ್ಮಾ ಕ್ಷಣಮಾತ್ರ ಮೂಡಿ ಅಳಿಯುತ್ತದೆ. ಉಳಿಯುವುದು ಸಾವಿರಾರು ಕಣಗಳ ಜಾಡು ಮಾತ್ರ.

ಆ ಜಾಡನ್ನು ಹಿಡಿಯುವುದು 5 ಮೀಟರ್ ಉದ್ದದ ಅನಿಲಕೋಶ. ಕಣ ಹಾದುಹೋದೆಡೆ ಬಿಡುಗಡೆಯಾದ ಎಲೆಕ್ಟ್ರಾನುಗಳು ತುದಿಯ ಫಲಕಗಳನ್ನು ಮುಟ್ಟಲು ಸುಮಾರು 100 ಮೈಕ್ರೊಸೆಕೆಂಡು ಹಿಡಿಯುತ್ತದೆ. ಕೋಶದೊಳಕ್ಕೆ ಮರಳಿ ವಿದ್ಯುತ್ ಕ್ಷೇತ್ರವನ್ನು ಕೆಡಿಸುವ ಧನ ಅಯಾನುಗಳನ್ನು ಮೊದಲು ತಂತಿಗಳ ದ್ವಾರವೊಂದು ತಡೆಯುತ್ತಿತ್ತು. ಆದರೆ ಸೆಕೆಂಡಿಗೆ 50,000 ಸಂಘಟ್ಟನೆಗಳಾದರೆ, ಎರಡರ ನಡುವಣ ಸರಾಸರಿ ಅಂತರ 20 ಮೈಕ್ರೊಸೆಕೆಂಡು; ದ್ವಾರ ಮುಚ್ಚಲು ಬಿಡುವೇ ಇಲ್ಲ. ಆದುದರಿಂದ, 2018ರ ಕೊನೆಯಲ್ಲಿ ಯಂತ್ರ ನಿಂತ ಬಳಿಕ ಕೋಶವನ್ನು ಮೇಲೆ ತಂದು, ತಂತಿಗಳ ಬದಲು ಸೂಕ್ಷ್ಮ ರಂಧ್ರಗಳ ‘ಜೆಮ್’ ಹಾಳೆಗಳನ್ನು ನಾಲ್ಕು ಪದರವಾಗಿ ಅಳವಡಿಸಲಾಯಿತು. ಆ ಪದರಗಳೇ ಅಯಾನುಗಳ ಬಹುಭಾಗವನ್ನು ಹಿಡಿದಿಡುತ್ತವೆ.

ಅಳವಡಿಕೆಯೊಡನೆ ಸಿದ್ಧತೆ ಮುಗಿಯದು. ವಿಕಿರಣಶೀಲ ಕ್ರಿಪ್ಟಾನ್ ಅನಿಲವನ್ನು ಒಳಬಿಟ್ಟು, ಐದು ಲಕ್ಷಕ್ಕೂ ಮಿಕ್ಕ ಗ್ರಾಹಕ ತುಣುಕುಗಳು ಒಂದೇ ಶಕ್ತಿಗೆ ಎಷ್ಟೆಷ್ಟು ಸ್ಪಂದಿಸುತ್ತವೆಂದು ಅಳೆದು ಸರಿದೂಗಿಸುತ್ತಾರೆ. ಲೇಸರಿನ ನೇರ ಗೆರೆ ಡೊಂಕಾಗಿ ಕಂಡರೆ, ಆ ಡೊಂಕು ಗೆರೆಯದಲ್ಲ, ಕೋಶದ್ದು. ಅದನ್ನರಿಯದೆ ಸಂಘಟ್ಟನೆಯನ್ನು ಓದಿದರೆ ಉಪಕರಣದ ದೋಷವೇ ನಿಸರ್ಗದ ನಿಯಮವೆಂದು ತೋರೀತು.

ಲಿಪಿಕಾರನ ಸ್ಖಾಲಿತ್ಯಗಳನ್ನು ಗುರುತಿಸದೆ ಕವಿಪಾಠವನ್ನು ನಿರ್ಣಯಿಸಲಾಗದೆಂಬುದು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ತಿಳಿದ ಮಾತು. ಆಲಿಸ್‌ನ ಸಿದ್ಧತೆಯ ಹಿಂದಿರುವುದೂ ಅದೇ ವಿವೇಕ.