ಉಣ್ಣಿ ಗೋಡೆಯಲ್ಲಿ, ರೋಗ ಆಕಳ ರಕ್ತದಲ್ಲಿ

ಬೀದರ್ ಜಿಲ್ಲೆಯ ನಿರ್ಣಾ, ಹುಮನಾಬಾದ್, ಬಸವಕಲ್ಯಾಣದ ಕಡೆ ದೇವಣಿ ಆಕಳು ಹಿಂದಿನಿಂದ ಬಂದ ತಳಿ. ನೆರೆಯ ಲಾತೂರ್ ಜಿಲ್ಲೆಯ ದೇವಣಿಯ ಹೆಸರು ಹೊತ್ತ ಈ ದನ ಉಣ್ಣಿ ಕಾಟವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹೆಚ್ಚು ಹಾಲಿಗಾಗಿ ಅದರ ಪಕ್ಕ ಕಟ್ಟಿದ ಎಚ್‌ಎಫ್, ಜರ್ಸಿ ಮಿಶ್ರತಳಿಗಳಿಗೆ ಆ ತಾಳಿಕೆ ಕಡಿಮೆ. ಉಣ್ಣಿಯ ಮೂಲಕ ಥೈಲೇರಿಯಾ ಎಂಬ ಪರಾವಲಂಬಿ ರಕ್ತಕ್ಕೆ ಸೇರಿದರೆ ಜೀವಕ್ಕೇ ಕುತ್ತು.

ಮೊದಲ ಸೂಚನೆ ಜ್ವರ. ಆಕಳ ಮೈಶಾಖ ಸಾಮಾನ್ಯವಾಗಿ 101–102 ಡಿಗ್ರಿ ಫ್ಯಾರನ್‌ಹೀಟ್. ಈ ರೋಗದಲ್ಲಿ 104ರಿಂದ 106ಕ್ಕೆ ಏರುತ್ತದೆ. ಭುಜದ ಮುಂಭಾಗ ಒತ್ತಿ ನೋಡಿದರೆ ಊದಿದ ಗ್ರಂಥಿ ಕೈಗೆ ಸಿಗುತ್ತದೆ. ಕೆಳರೆಪ್ಪೆ ಎಳೆದು ನೋಡಬೇಕು. ಒಳಗೆ ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬೆಬೆಸಿಯಾ ಎಂಬ ಇನ್ನೊಂದು ಪರಾವಲಂಬಿ ಇರಬಹುದು.

ಬರೀ ಜ್ವರದ ಇಂಜೆಕ್ಷನ್ ಹಾಕಿಸಿ ಎರಡು ದಿನ ಕಾಯುವುದು ಬೇಡ. ಥೈಲೇರಿಯಾಕ್ಕೆ ಬುಪಾರ್ವಕ್ವೋನ್, ಬೆಬೆಸಿಯಾಕ್ಕೆ ಡೈಮಿನಜೀನ್, ಇವೆರಡರಂಥದ್ದೇ ಲಕ್ಷಣ ತರುವ ಅನಾಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್: ಮೂರಕ್ಕೂ ಬೇರೆ ಬೇರೆ ಮದ್ದು. ಹಾಗಾಗಿ ಮದ್ದಿಗಿಂತ ಮೊದಲು ರಕ್ತಪರೀಕ್ಷೆ ಕೇಳಬೇಕು. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿದರೆ ಸಾಕು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ಘಟಕದ ನೆರವು ಕೇಳಬಹುದು. ಪ್ರಕರಣ ಕಠಿಣವಾದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿದೆ. ಮದ್ದಿನ ಪ್ರಮಾಣ ಆಕಳ ತೂಕದ ಮೇಲೆ ನಿಂತಿದೆ, ಅದನ್ನು ವೈದ್ಯರಿಗೇ ಬಿಡಬೇಕು.

ಒಂದು ಆಕಳು ಉಳಿದರೂ ಉಣ್ಣಿ ಉಳಿದರೆ ಕೆಲಸ ಅರ್ಧವೇ. ಬೆಬೆಸಿಯಾದಿಂದ ಬರುವ ಜಾನುವಾರು ಜ್ವರವನ್ನು ಉಣ್ಣಿಯೇ ಹರಡುತ್ತದೆ ಎಂದು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲೇ ತೋರಿಸಿದ್ದರು. ಥೈಲೇರಿಯಾ ಹರಡುವ ಉಣ್ಣಿ ಹೊಟ್ಟೆ ತುಂಬಿದ ಮೇಲೆ ಉದುರಿ ಗೋಡೆಯ ಬಿರುಕು, ಕಲ್ಲುಸಂದು ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಮೈಗೆ ಮಾತ್ರ ಔಷಧಿ ಹಚ್ಚುವವರು ಸೋಲುವುದು ಇಲ್ಲಿಯೇ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಗೋಡೆಗೆ ಸುಣ್ಣ ಬಳಿಯಬೇಕು. ಉಣ್ಣಿನಾಶಕವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಎಲ್ಲ ದನಗಳಿಗೂ ಒಂದೇ ದಿನ ಹಚ್ಚಿ, ಅವರು ಹೇಳಿದ ಅಂತರದಲ್ಲಿ ಮತ್ತೆ ಹಚ್ಚಬೇಕು. ಕಿವಿಯ ಒಳಗೆ, ಕೆಚ್ಚಲ ಸುತ್ತ, ಬಾಲದ ಬುಡದಲ್ಲಿ ಹುಡುಕುವುದು ಮರೆಯಬಾರದು. ಕಿತ್ತ ಉಣ್ಣಿಯನ್ನು ನೆಲಕ್ಕೆ ಬಿಸಾಡದೆ ಸುಡಬೇಕು.

ಸಂತೆಯಿಂದ ತಂದ ಆಕಳನ್ನು ಉಣ್ಣಿ ತೆಗೆದು, ರಕ್ತ ಪರೀಕ್ಷಿಸಿದ ಮೇಲೆಯೇ ಮಂದೆಗೆ ಸೇರಿಸುವುದು ಒಳಿತು. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆಯೂ ಇದೆ. ಅದನ್ನು ದ್ರವ ಸಾರಜನಕದಲ್ಲಿ ಇಟ್ಟು ತರಬೇಕು. ಊರಿನ ಹಲವರು ಒಟ್ಟಾಗಿ ಪಶು ಆಸ್ಪತ್ರೆಯಲ್ಲಿ ಕೇಳಿದರೆ ತರಿಸುವುದು ಸುಲಭ.