ಹಗುರ ದೇಹಕ್ಕೆ ಒಪ್ಪುವ ಸ್ಕೀಗಳ ಆಯ್ಕೆ

ಹಿಮದ ಇಳಿಜಾರಿನಲ್ಲಿ ಕೆಲವು ಚಳಿಗಾಲಗಳನ್ನು ಬಾಡಿಗೆಯ ಸ್ಕೀಗಳ ಮೇಲೆ ಕಳೆದು, ಬೀಳುವ ಭಯವನ್ನು ಬಹುಮಟ್ಟಿಗೆ ದಾಟಿ, ಎರಡು ಸ್ಕೀಗಳನ್ನೂ ಸಮಾನಾಂತರವಾಗಿ ಇಟ್ಟುಕೊಂಡು ಒಂದು ತಿರುವಿನಿಂದ ಇನ್ನೊಂದಕ್ಕೆ ತಡವರಿಸದೆ ಸಾಗಬಲ್ಲ ಮಹಿಳೆಗೆ, ಸ್ವಂತದ ಜೊತೆಯೊಂದು ಬೇಕೆಂಬ ಅಪೇಕ್ಷೆ ಹುಟ್ಟುವುದು ಸಹಜವೇ ಸರಿ. ಅಮೆರಿಕದ ಪರ್ವತಗಳಲ್ಲಿ ನೀಲಿ ಚೌಕದ ಗುರುತುಳ್ಳ ಹಾದಿಗಳಲ್ಲಿ, ಯೂರೋಪಿನಲ್ಲಾದರೆ ಕೆಂಪು ಗುರುತಿನ ಹಾದಿಗಳಲ್ಲಿ, ನೆಮ್ಮದಿಯಿಂದ ಇಳಿಯಬಲ್ಲವರನ್ನು ಮಧ್ಯಮ ದರ್ಜೆಯವರೆಂದು ಎಣಿಸುವುದು ವಾಡಿಕೆ. ಕ್ಯಾಲಿಫೋರ್ನಿಯದಲ್ಲಿ ನೆಲಸಿ, ವಾರಾಂತ್ಯಗಳಲ್ಲಿ ತಾಹೋ ಸರೋವರದ ಸುತ್ತಣ ಶಿಖರಗಳಿಗೆ ಹೋಗಿಬರುವ ಕನ್ನಡ ಕುಟುಂಬಗಳಲ್ಲಿಯೂ ಇಂಥವರುಂಟು. ಇವರು ಅಂಗಡಿಗೆ ಹೋದಾಗ ಮಾರುವಾತನು ಎತ್ತರವನ್ನು ಕಣ್ಣಿನಲ್ಲೇ ಅಳೆದು, ಅನುಭವವೆಷ್ಟೆಂದು ಕೇಳಿ, ಗೋಡೆಗೆ ಒರಗಿಸಿದ್ದ ಒಂದು ಜೊತೆಯನ್ನು ತೆಗೆದು ಕೈಗಿತ್ತುಬಿಡುವುದುಂಟು. ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ, ಅಂದರೆ ದೇಹದ ತೂಕವೆಷ್ಟೆಂಬುದು, ಸಂಕೋಚದಿಂದಲೋ ಅಲಕ್ಷ್ಯದಿಂದಲೋ ಹಾಗೆಯೇ ಉಳಿದುಹೋಗುತ್ತದೆ.

ಸ್ಕೀಗೆ ತನ್ನ ಮೇಲೆ ನಿಂತವರ ಎತ್ತರ ತಿಳಿಯದು, ತಿಳಿಯುವುದು ಭಾರವೊಂದೇ. ಮುಂದೆ ಅಗಲವಾಗಿ, ನಡುವೆ ಕಿರಿದಾಗಿ, ಹಿಂದೆ ಮತ್ತೆ ಅಗಲವಾಗುವ ಈ ಹಲಗೆಯನ್ನು ಅಂಚಿನ ಮೇಲೆ ವಾಲಿಸಿ ಭಾರವನ್ನು ಹೇರಿದಾಗ, ಅದರ ನಡುಭಾಗವು ಹಿಮದತ್ತ ಬಾಗಿ, ಇಡೀ ಸ್ಕೀ ಕಮಾನಾಗಿ, ಆ ಕಮಾನಿನ ಜಾಡಿನಲ್ಲಿಯೇ ತಿರುವು ಮೂಡುತ್ತದೆ. 1993ರಲ್ಲಿ ಸ್ಲೊವೇನಿಯದ ಎಲಾನ್ ಸಂಸ್ಥೆಯು ನಡು ಬಹಳವಾಗಿ ಕಿರಿದಾದ ಎಸ್‌ಸಿಎಕ್ಸ್ ಎಂಬ ಸ್ಕೀಯನ್ನು ಹೊರತಂದ ಮೇಲೆ, ಎರಡು ಮೀಟರು ಉದ್ದದ ನೇರ ಹಲಗೆಗಳ ಯುಗವು ಕೆಲವೇ ವರ್ಷಗಳಲ್ಲಿ ಮುಗಿದು, ತಿರುವಿನ ಕಾರ್ಯದಲ್ಲಿ ಬಹುಪಾಲನ್ನು ಸ್ಕೀಯ ಆಕಾರವೇ ವಹಿಸಿಕೊಂಡಿತು. ಆದರೆ ಬಾಗದ ಹಲಗೆಯಲ್ಲಿ ಆಕಾರವಿದ್ದೂ ಪ್ರಯೋಜನವಿಲ್ಲ. 80 ಕಿಲೋ ತೂಕದವರಿಗಾಗಿ ಗಟ್ಟಿಯಾಗಿ ಕಟ್ಟಿದ ಸ್ಕೀಯ ಮೇಲೆ 50 ಕಿಲೋ ತೂಕದಾಕೆ ನಿಂತರೆ, ಶಿವಧನುಸ್ಸಿನ ಮುಂದೆ ನಿಂತ ಅರಸರ ಪಾಡೇ ಆಕೆಗೂ ಒದಗುತ್ತದೆ. ಸ್ಕೀ ಬಾಗುವುದಿಲ್ಲ, ಜಾರುತ್ತದೆ, ಆಕೆ ತನ್ನ ಕೌಶಲವನ್ನು ನಿಂದಿಸಿಕೊಳ್ಳುತ್ತಾಳೆ. ಮುಂದೆ ಹೇಳುವುದನ್ನೆಲ್ಲ 157 ಸೆಂಟಿಮೀಟರ್ ಎತ್ತರದ, 50 ಕಿಲೋ ತೂಕದ ಮಹಿಳೆಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದೆ. ಇದಕ್ಕಿಂತ ಹೆಚ್ಚುಕಡಮೆಯಿರುವವರು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಮೊದಲು ಬೂಟು

ಹಣ ಪರಿಮಿತವಾಗಿದ್ದರೆ ಅದು ಮೊದಲು ಬೂಟಿಗೆ ಸಲ್ಲತಕ್ಕದ್ದು. ಕಾಲಿನ ಅತಿ ಸಣ್ಣ ಚಲನೆಯೂ ಸ್ಕೀಯನ್ನು ಮುಟ್ಟುವುದು ಬೂಟಿನ ಮೂಲಕವೇ ಆದುದರಿಂದ, ಸಡಿಲ ಬೂಟಿನೊಳಗೆ ಪಾದವು ಅತ್ತಿತ್ತ ಸರಿಯುತ್ತಿದ್ದರೆ ಎಷ್ಟು ಬೆಲೆಬಾಳುವ ಸ್ಕೀಯಾದರೂ ವ್ಯರ್ಥವಾಗುತ್ತದೆ. ಬೂಟಿನ ಅಳತೆಯು ಪಾದದ ಉದ್ದವನ್ನು ಸೆಂಟಿಮೀಟರುಗಳಲ್ಲಿ ಹೇಳುವ ಮಾಂಡೋಪಾಯಿಂಟ್ ಕ್ರಮದ್ದು. ಒಳಗಿನ ಮೆತ್ತೆಯನ್ನು ಹೊರತೆಗೆದು, ಬರಿಯ ಚಿಪ್ಪಿನಲ್ಲಿ ಪಾದವಿಟ್ಟು, ಬೆರಳ ತುದಿ ಮುಂದೆ ಮುಟ್ಟುವಂತೆ ನಿಂತಾಗ ಹಿಮ್ಮಡಿಯ ಹಿಂದೆ ಒಂದೂವರೆ ಬೆರಳಿನಷ್ಟು ಎಡೆ ಉಳಿದರೆ ಅಳತೆ ಒಪ್ಪಿತೆನ್ನಬಹುದು. ಬಿಗುವನ್ನು ಸೂಚಿಸುವ ಸಂಖ್ಯೆಯೂ ಬೂಟಿನ ಮೇಲಿರುತ್ತದೆ. ಹಗುರ ದೇಹದ ಮಧ್ಯಮ ದರ್ಜೆಯವರಿಗೆ 70ರಿಂದ 85ರವರೆಗೆ ಸಾಕು. ಆದರೆ ಈ ಸಂಖ್ಯೆಗೆ ಸರ್ವಸಮ್ಮತವಾದ ಮಾನದಂಡವಿಲ್ಲದಿರುವುದರಿಂದ, ಒಂದು ಸಂಸ್ಥೆಯ 80 ಇನ್ನೊಂದರ 70ರಂತೆ ಮೃದುವಾಗಿರಬಹುದು. ಬೂಟು ತೊಟ್ಟು ಮೊಣಕಾಲನ್ನು ಮುಂದಕ್ಕೆ ಒತ್ತಿದಾಗ ಕಣಕಾಲು ನಿಧಾನವಾಗಿ ಬಾಗುವುದೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ.

ಉದ್ದ ಮತ್ತು ಅಗಲ

ಮೇಲಕ್ಕೆತ್ತಿದ ಕೈಯ ಮಣಿಕಟ್ಟಿನವರೆಗೆ ಸ್ಕೀಯ ಉದ್ದವಿರಬೇಕೆಂಬ ಹಳೆಯ ನಿಯಮವು ನೇರ ಹಲಗೆಗಳೊಡನೆಯೇ ಕಾಲವಾಯಿತು. ಈಗ ಗದ್ದದಿಂದ ನೆತ್ತಿಯವರೆಗಿನ ಅಂತರದಲ್ಲಿ ಎಲ್ಲಾದರೂ ನಿಲ್ಲಬಹುದೆಂದು ಹೇಳುತ್ತಾರೆ; ತೂಕ ಕಡಮೆಯಿದ್ದವರು ಗಟ್ಟಿ ಹಿಮಕ್ಕೆ ಆರಿಸುವಾಗ ಈ ಅಂತರದ ಮೇಲ್ತುದಿಯನ್ನು ಬಿಟ್ಟು ನಡುವಿನ ಸುತ್ತ ಹುಡುಕುವುದು ಲೇಸು. ನಮ್ಮ ಕಲ್ಪನೆಯ ಮಹಿಳೆಗೆ, ಹದಗೊಳಿಸಿದ ಗಟ್ಟಿ ಹಿಮದ ಹಾದಿಗಳಲ್ಲಿಯೇ ಆಡುವುದಾದರೆ 144ರಿಂದ 150 ಸೆಂಟಿಮೀಟರ್, ಎಲ್ಲ ಬಗೆಯ ಹಿಮದಲ್ಲಿಯೂ ತಿರುಗುವ ಆಸೆಯಿದ್ದರೆ 150ರಿಂದ 156. ಈ ಎರಡನೆಯ ಬಗೆಯ ಸ್ಕೀಗಳ ಮೂತಿಯು ನೆಲದಿಂದ ಬೇಗನೆ ಮೇಲೇಳುವಂತೆ ತಿದ್ದಿರುತ್ತದೆ. ರಾಕರ್ ಎಂದು ಕರೆಯುವ ಈ ಏರಿಕೆಯಿಂದ ಗಟ್ಟಿ ಹಿಮದಲ್ಲಿ ಅಂಚಿನ ಒಂದು ಭಾಗ ನೆಲವನ್ನು ಮುಟ್ಟುವುದೇ ಇಲ್ಲವಾದುದರಿಂದ, ನಾಲ್ಕೈದು ಸೆಂಟಿಮೀಟರ್ ಹೆಚ್ಚಾದರೂ ಭಾರವೆನಿಸದು. ಒಂದೇ ಮಾದರಿಯಲ್ಲಿ ಉದ್ದ ಹೆಚ್ಚಿದಂತೆ ಸಾಮಾನ್ಯವಾಗಿ ಬಿಗುವೂ, ತಿರುವಿನ ತ್ರಿಜ್ಯವೂ ಹೆಚ್ಚುತ್ತವೆಂಬುದನ್ನು ಮರೆಯಬಾರದು. ತ್ರಿಜ್ಯವು 12ರಿಂದ 15 ಮೀಟರುಗಳ ನಡುವೆ ಇದ್ದರೆ ಮಧ್ಯಮ ವೇಗದಲ್ಲಿ ತಿರುವು ಸಲೀಸು.

ಅಗಲದ ವಿಷಯದಲ್ಲಿ ಮಾತ್ರ ಅಂಗಡಿಗಳ ಮಾತಿಗೂ ಯುಕ್ತಿಗೂ ಬಹಳ ಸಲ ವಿರೋಧ ಕಂಡುಬರುತ್ತದೆ. ಸ್ಕೀಯ ಅಗಲವನ್ನು ಅದರ ನಡುವಿನಲ್ಲಿ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ: 65ರಿಂದ 75 ಗಟ್ಟಿ ಹಾದಿಗೆ, 76ರಿಂದ 88 ಮಿಶ್ರ ಉಪಯೋಗಕ್ಕೆ, ಅದರಿಂದಾಚೆ ಮೆತ್ತನೆಯ ಆಳ ಹಿಮಕ್ಕೆ. ಆಳ ಹಿಮಕ್ಕೆ ನೂರಕ್ಕಿಂತ ಹೆಚ್ಚು ಬೇಕೇ ಬೇಕೆಂಬ ಮಾತು ಪರ್ವತ ಪ್ರದೇಶಗಳಲ್ಲಿ ಧಾರಾಳವಾಗಿ ಕೇಳಿಬರುತ್ತದಾದರೂ, ಆ ಮಾತು ಹುಟ್ಟಿದ್ದು ದಪ್ಪ ಮೈಕಟ್ಟಿನ ಗಂಡಸರ ಅನುಭವದಿಂದ. ಹಿಮದ ಮೇಲೆ ತೇಲಿಸುವುದು ತೂಕಕ್ಕೂ ಹಲಗೆಯ ವಿಸ್ತಾರಕ್ಕೂ ಇರುವ ಅನುಪಾತ. 80 ಕಿಲೋ ತೂಕದಾತನು 180 ಸೆಂಟಿಮೀಟರ್ ಉದ್ದದ ಸ್ಕೀಯ ಮೇಲೆ 112 ಮಿಲಿಮೀಟರ್ ಅಗಲದಿಂದ ಎಷ್ಟು ತೇಲುವನೋ, 50 ಕಿಲೋ ತೂಕದಾಕೆ 150 ಸೆಂಟಿಮೀಟರಿನ ಸ್ಕೀಯ ಮೇಲೆ 84 ಮಿಲಿಮೀಟರಿನಿಂದಲೇ ಸುಮಾರಾಗಿ ಅಷ್ಟು ತೇಲುವಳು. ಕಾಗದದ ಮೇಲೆ ಗುಣಾಕಾರ ಮಾಡಿ ನೋಡಿದರೆ ಯಾರಿಗಾದರೂ ತಿಳಿಯುವ ಸಂಗತಿಯಿದು. ಅನಾವಶ್ಯಕವಾದ ಅಗಲಕ್ಕೆ ದಂಡವೂ ಉಂಟು: ಗಟ್ಟಿ ಹಿಮದಲ್ಲಿ ಅಗಲ ಸ್ಕೀಯನ್ನು ಅಂಚಿನ ಮೇಲೆ ನಿಲ್ಲಿಸಲು ಮೊಣಕಾಲು ಹೆಚ್ಚು ದುಡಿಯಬೇಕಾಗುತ್ತದೆ, ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದೂ ತಡವಾಗುತ್ತದೆ.

ಆದುದರಿಂದ ಅಗಲವನ್ನು ನಿರ್ಧರಿಸಬೇಕಾದದ್ದು ತಾನು ವಾಡಿಕೆಯಾಗಿ ಹೋಗುವ ಪರ್ವತದ ಹಿಮ. ನ್ಯೂ ಇಂಗ್ಲೆಂಡಿನ ಇಳಿಜಾರುಗಳು ಬಹುಕಾಲ ಮಂಜುಗಡ್ಡೆಯಂತೆ ಬಿರುಸಾಗಿರುವುದರಿಂದ ಅಲ್ಲಿ 70ರಿಂದ 78ರ ಒಳಗಿನ ಸ್ಕೀ ಹಿತವಾದದ್ದು. ಆಲ್ಪ್ಸ್ ಪರ್ವತದ ಹದಗೊಳಿಸಿದ ಹಾದಿಗಳಿಗೂ ಅದೇ ಸಾಕು. ಕೊಲೊರಾಡೋದಲ್ಲಿ ಹಿಮ ಒಣಗಿದ ಹಿಟ್ಟಿನಂತೆ ಹಗುರ, 80ರಿಂದ 88 ಅಲ್ಲಿಗೆ ಯೋಗ್ಯ. ತಾಹೋದ ಹಿಮವು ಪೆಸಿಫಿಕ್ ಸಾಗರದ ತೇವವನ್ನು ಹೊತ್ತು ಬಿದ್ದು ಎಷ್ಟು ತೂಕವಾಗಿರುತ್ತದೆಂದರೆ, ಅಲ್ಲಿನವರು ಅದನ್ನು ಸಿಯೆರಾದ ಸಿಮೆಂಟು ಎಂದೇ ಪರಿಹಾಸ್ಯ ಮಾಡುತ್ತಾರೆ. ಅಲ್ಲಿ ಮಧ್ಯಾಹ್ನದ ವೇಳೆಗೆ ಗುಪ್ಪೆಗುಪ್ಪೆಯಾಗುವ ಹಿಮವನ್ನು ಸೀಳಿ ಹೋಗಲು 82ರಿಂದ 88 ಮಿಲಿಮೀಟರಿನ, ತೀರ ಹಗುರವಲ್ಲದ ಸ್ಕೀ ಬೇಕು. ಕಾಶ್ಮೀರದ ಗುಲ್ಮಾರ್ಗದಲ್ಲಿ ಗೊಂಡೋಲದ ಎರಡನೆಯ ಹಂತದಲ್ಲಿ ಅಫರ್ವತ್ ಶಿಖರದ ಬಳಿಗೆ ಏರಿದರೆ ಕಾಣುವುದು ಯಂತ್ರ ಮುಟ್ಟದ ಆಳ ಹಿಮ. ಆದರೆ ಅದು ಮಧ್ಯಮ ದರ್ಜೆಯವರ ಕ್ಷೇತ್ರವೇ ಅಲ್ಲವಾದುದರಿಂದ, ಅಲ್ಲಿಗೆಂದೇ ಅಗಲ ಸ್ಕೀ ಕೊಳ್ಳುವುದು ಅಕಾಲಿಕ. ಹಿಮದ ಕ್ರೀಡೆಯಲ್ಲಿ ಪದಕ ಗೆದ್ದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರನ್ನು ಕೇಳಿ ಉತ್ಸಾಹಗೊಂಡವರಿಗೆ ಇಲ್ಲಿಯೇ ಒಂದು ಮಾತು: ಅವರದು ಹಿಮ್ಮಡಿಯನ್ನು ಕಟ್ಟಿಹಾಕದ, ಬಯಲುಹಾದಿಯಲ್ಲಿ ಓಡುವ ಕ್ರಾಸ್‌ಕಂಟ್ರಿ ಸ್ಕೀ, ಅದರ ಅಳತೆ ಆಯ್ಕೆಗಳೇ ಬೇರೆ.

ಬಿಗುವೂ ಒಡಲೂ

ಬಿಗುವನ್ನು ತಿಳಿಯಲು ಹಲಗೆಯ ಮೇಲೆ ಯಾವ ಸಂಖ್ಯೆಯೂ ಬರೆದಿರುವುದಿಲ್ಲ. ಸ್ಕೀಯ ಬಾಲವನ್ನು ನೆಲಕ್ಕೂರಿ, ಒಂದು ಕೈಯಿಂದ ಮೂತಿಯನ್ನು ಹಿಡಿದು, ಇನ್ನೊಂದರಿಂದ ನಡುವನ್ನು ಒತ್ತಿ ನೋಡುವ ಅಂಗಡಿಯ ಪರೀಕ್ಷೆಯಿಂದ ಎರಡು ಮೂರು ಮಾದರಿಗಳ ತಾರತಮ್ಯವಷ್ಟೇ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚನ್ನು ಒಡಲಿನ ಪದಾರ್ಥಗಳು ಹೇಳುತ್ತವೆ. ಪಾಪ್ಲರ್, ಪೌಲೋನಿಯ ಮುಂತಾದ ಹಗುರ ಮರದ ತಿರುಳುಳ್ಳ ಸ್ಕೀ ಸುಲಭವಾಗಿ ಮಣಿಯುತ್ತದೆ. ಬೀಚ್ ಅಥವಾ ಆ್ಯಷ್ ಮರ ಸೇರಿದಷ್ಟೂ ದೃಢತೆ ಹೆಚ್ಚುತ್ತದೆ. ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಎರಡು ಪೂರ್ಣ ತಗಡುಗಳಿದ್ದರೆ ಅತಿವೇಗದಲ್ಲಿಯೂ ನಡುಗದ ಗಾಂಭೀರ್ಯ ಬರುತ್ತದೆ, ಆದರೆ ಅದನ್ನು ಬಗ್ಗಿಸಲು ತೂಕ ಬೇಕು ಅಥವಾ ವೇಗ ಬೇಕು, ನಮ್ಮಾಕೆಯಲ್ಲಿ ಎರಡೂ ಸದ್ಯಕ್ಕೆ ಅಲ್ಪ. ಹಾಗೆಂದು ಎಲ್ಲಕ್ಕಿಂತ ಹಗುರವಾದುದನ್ನೇ ಆರಿಸುವುದೂ ತಪ್ಪು: ಹಗುರ ದೇಹ ಹಗುರ ಸ್ಕೀಯ ಮೇಲಿದ್ದರೆ ಕೆದರಿದ ಹಿಮದಲ್ಲಿ ಪುಟಿದು ಪುಟಿದು ಎಸೆಯಲ್ಪಡುತ್ತದೆ. ಲೋಹವನ್ನು ಪಾದದಡಿಯಲ್ಲಿ ಮಾತ್ರ, ಅಥವಾ ಸಣ್ಣ ಪಟ್ಟಿಯಾಗಿ, ಸೇರಿಸಿದ ಮಾದರಿಗಳೂ ಇವೆ. ನನ್ನ ಮತದಲ್ಲಿ ಇವುಗಳೇ ಇಂಥವರಿಗೆ ದೀರ್ಘಕಾಲ ಬಾಳುವ ಆಯ್ಕೆ.

ಸ್ತ್ರೀಯರಿಗಾಗಿಯೇ ಎಂದು ಮಾರುವ ಸ್ಕೀಗಳ ವಿಚಾರದಲ್ಲಿ ಮುಗ್ಧ ವಿಶ್ವಾಸವೂ ಬೇಡ, ತಾತ್ಸಾರವೂ ಬೇಡ. ಹೆಂಗಸರ ದೇಹದ ಗುರುತ್ವಕೇಂದ್ರವು ಕೆಳಗೂ ಹಿಂದಕ್ಕೂ ಇರುವುದರಿಂದ ಬೂಟನ್ನು ಹಿಡಿಯುವ ಬೈಂಡಿಂಗನ್ನು ಸ್ವಲ್ಪ ಮುಂದಕ್ಕೆ ಕೂಡಿಸಬೇಕೆಂದು ಅಮೆರಿಕದ ಜೀನಿ ಥೋರೆನ್ ಬಹುಕಾಲ ವಾದಿಸಿ, ಉದ್ಯಮದ ಗಮನವನ್ನು ಈ ಕಡೆಗೆ ಸೆಳೆದರು. ಬ್ಲಿಜ಼ರ್ಡ್ ಸಂಸ್ಥೆಯ ಬ್ಲ್ಯಾಕ್ ಪರ್ಲ್, ಫೋಲ್ಕ್ಲ್‌ನ ಯೂಮಿ, ಹೆಡ್‌ನ ಜಾಯ್ ಮಾಲಿಕೆ ಮೊದಲಾದವು ಹೆಂಗಸರನ್ನೇ ಉದ್ದೇಶಿಸಿದವು. ಆದರೆ ಕೆಲವು ಮಾದರಿಗಳಲ್ಲಿ ಗಂಡಸರ ಸ್ಕೀಯೇ ಬಣ್ಣ ಬದಲಿಸಿಕೊಂಡು ಬಂದಿರುವುದುಂಟು. ಬಣ್ಣವನ್ನು ಬಿಟ್ಟು ಒಡಲಿನಲ್ಲಿ ವ್ಯತ್ಯಾಸವೇನೆಂದು ನೇರವಾಗಿ ಕೇಳಿದರೆ ಬಲ್ಲ ಅಂಗಡಿಯವರು ಉತ್ತರಿಸುತ್ತಾರೆ, ಉಳಿದವರು ಬಣ್ಣವನ್ನೇ ಮತ್ತೊಮ್ಮೆ ಹೊಗಳುತ್ತಾರೆ. ಇದಕ್ಕೆ ವಿರುದ್ಧವಾದ ಅಪಾಯವೊಂದೂ ಇದೆ: ಹೆಂಗಸೆಂಬ ಕಾರಣಕ್ಕೆ ಆರಂಭಿಗರ ತೀರ ಮೆತ್ತನೆಯ, ತೀರ ಗಿಡ್ಡ ಸ್ಕೀಯನ್ನು ಒಪ್ಪಿಸಿಬಿಡುವುದು. ವೇಗ ಸ್ವಲ್ಪ ಹೆಚ್ಚಿದೊಡನೆ ಅಂಥದು ನಡುಗತೊಡಗಿ, ಒಂದೇ ಚಳಿಗಾಲದಲ್ಲಿ ಬೇಸರ ತರಿಸುತ್ತದೆ.

ಬೈಂಡಿಂಗಿನ ಲೆಕ್ಕ

ಬೂಟನ್ನು ಸ್ಕೀಗೆ ಕಚ್ಚಿ ಹಿಡಿದು, ಬಿದ್ದಾಗ ಬಿಟ್ಟುಕೊಡುವ ಬೈಂಡಿಂಗಿನ ವಿಚಾರದಲ್ಲಿ ಸ್ವಲ್ಪವೂ ಅಜಾಗರೂಕತೆ ಸಲ್ಲದು. ಸ್ಕೀ ಆಡುವ ಸ್ತ್ರೀಯರಲ್ಲಿ ಮೊಣಕಾಲಿನ ಅಸ್ಥಿಬಂಧದ ಗಾಯವು ಪುರುಷರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಬಿಡುಗಡೆಯ ಪ್ರಮಾಣವನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಆಡುವ ಶೈಲಿ ಇವುಗಳಿಂದ ಗಣಿಸಲು ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಕ್ರಮವಿದ್ದು, ಅಂಗಡಿಯ ಕುಶಲಕರ್ಮಿಯು ಅದರ ಕೋಷ್ಟಕವನ್ನು ನೋಡಿಯೇ ತಿರುಪನ್ನು ತಿರುಗಿಸಬೇಕು. ಅಲ್ಲಿ ತೂಕವನ್ನು ನಾಚಿಕೆಯಿಂದ ಕಡಮೆ ಹೇಳಿದರೆ ಇಳಿಜಾರಿನ ನಡುವೆ ಸ್ಕೀ ಅಕಾರಣವಾಗಿ ಕಳಚಿಕೊಳ್ಳುತ್ತದೆ. ಕೌಶಲವನ್ನು ಹೆಮ್ಮೆಯಿಂದ ಹೆಚ್ಚು ಹೇಳಿದರೆ ಕಳಚಬೇಕಾದಾಗ ಕಳಚುವುದಿಲ್ಲ. ಹಗುರ ದೇಹದವರಿಗೆ ಗಣಿತದಿಂದ ಬರುವ ಅಂಕ ಸಣ್ಣದಾಗಿರುವುದರಿಂದ, 3ರಿಂದ 10ರವರೆಗಿನಂತೆ ಕೆಳಗಿನಿಂದ ಆರಂಭವಾಗುವ ಬೈಂಡಿಂಗನ್ನು ಕೇಳಬೇಕು. 5ರಿಂದಲೋ 6ರಿಂದಲೋ ಮೊದಲಾಗುವುದು ಎಷ್ಟು ರಿಯಾಯಿತಿಗೆ ದೊರೆತರೂ ಬೇಡ. ಬೈಂಡಿಂಗಿನ ಬ್ರೇಕು ಸ್ಕೀಯ ನಡುವಿಗಿಂತ ಅಗಲವಾಗಿರಬೇಕು, ಆದರೆ 15 ಮಿಲಿಮೀಟರಿಗಿಂತ ಹೆಚ್ಚು ಅಲ್ಲ. ಗ್ರಿಪ್‌ವಾಕ್ ಎಂಬ ನಡೆಯಲು ಅನುಕೂಲವಾದ ಅಟ್ಟೆ ಬೂಟಿಗಿದ್ದರೆ, ಬೈಂಡಿಂಗು ಅದನ್ನು ಒಪ್ಪುವುದೇ ಎಂಬುದನ್ನೂ ವಿಚಾರಿಸತಕ್ಕದ್ದು.

ಆಡಿ ನೋಡಿ ಕೊಳ್ಳುವುದು

ಇಷ್ಟನ್ನೆಲ್ಲ ತಿಳಿದು ಎರಡು ಮೂರು ಮಾದರಿಗಳಿಗೆ ಪಟ್ಟಿಯನ್ನು ಇಳಿಸಿದ ಮೇಲೆ, ಪರ್ವತದ ಬುಡದ ಅಂಗಡಿಗಳಲ್ಲಿ ಡೆಮೊ ಎಂದು ಬಾಡಿಗೆಗೆ ಕೊಡುವ ಜೊತೆಗಳನ್ನು ತೆಗೆದುಕೊಂಡು ಒಂದೇ ದಿನ, ಒಂದೇ ಇಳಿಜಾರಿನಲ್ಲಿ, ತನ್ನದೇ ಬೂಟಿನೊಡನೆ ಪರೀಕ್ಷಿಸಬೇಕು. ಕೊಂಡರೆ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುವ ಪದ್ಧತಿ ಅನೇಕ ಕಡೆ ಇದೆ. ಮೊದಲು ನಿಧಾನವಾದ ದೊಡ್ಡ ತಿರುವುಗಳು, ಬಳಿಕ ಚಿಕ್ಕ ತಿರುವುಗಳು, ಕೊನೆಗೆ ಮಧ್ಯಾಹ್ನದ ಕೆದರಿದ ಹಿಮ. ಅಂಚಿನ ಮೇಲೆ ವಾಲಿದೊಡನೆ ಸ್ಕೀ ತಾನಾಗಿ ತಿರುವಿಗೆ ಒಲಿಯಿತೇ, ಬಾಲವನ್ನು ಬಲವಂತದಿಂದ ತಳ್ಳಬೇಕಾಯಿತೇ, ದಿನದ ಕೊನೆಯಲ್ಲಿ ತೊಡೆಗಳು ಎಷ್ಟು ನೊಂದವು ಎಂಬುದನ್ನು ಗುರುತಿಸಿಕೊಂಡರೆ ಸಾಕು. ಡೆಮೊ ಬೈಂಡಿಂಗು ಹಿಂದುಮುಂದಕ್ಕೆ ಸರಿಯುವಂಥದಾದುದರಿಂದ, ಗುರುತಿನ ಗೆರೆಯಿಂದ ಒಂದು ಸೆಂಟಿಮೀಟರ್ ಮುಂದಕ್ಕೆ ಸರಿಸಿಯೂ ನೋಡಬಹುದು. ಯಾವ ಜೊತೆಯಾದರೂ ಹಿಡಿತವಿಲ್ಲದೆ ಜಾರುತ್ತಿದ್ದರೆ ಅದರ ಅಂಚು ಮೊಂಡಾಗಿಲ್ಲವೇ ಎಂದು ವಿಚಾರಿಸದೆ ತೀರ್ಪು ಕೊಡಬಾರದು.

ಕೊಳ್ಳುವುದಕ್ಕೆ ಮಾರ್ಚ್ ಏಪ್ರಿಲ್ ತಿಂಗಳುಗಳು ಒಳ್ಳೆಯವು. ಋತು ಮುಗಿಯುತ್ತ ಬಂದಾಗ ಬೆಲೆ ಇಳಿಯುತ್ತದೆ, ಮುಂದಿನ ವರ್ಷದ ಮಾದರಿಯಲ್ಲಿ ಎಷ್ಟೋ ವೇಳೆ ಮೇಲಿನ ಚಿತ್ರವಷ್ಟೇ ಬೇರೆಯಾಗಿರುತ್ತದೆ. ಗಿಡ್ಡ ಅಳತೆಗಳು ಮಾತ್ರ ಬೇಗ ಮುಗಿದುಹೋಗುವ ಸಂಭವವುಂಟು. ಬಳಸಿದ ಜೊತೆಯನ್ನು ಕೊಳ್ಳುವವರು ಪದರಗಳು ಬಿಟ್ಟುಕೊಂಡಿವೆಯೇ, ತಳದ ಗೀರು ಮರದವರೆಗೆ ಇಳಿದಿದೆಯೇ, ಉಕ್ಕಿನ ಅಂಚು ಇನ್ನೂ ಹರಿತಗೊಳಿಸುವಷ್ಟು ದಪ್ಪವಾಗಿದೆಯೇ ಎಂದು ನೋಡಬೇಕು. ತಯಾರಕರು ಹೊಣೆ ಹೊರುವುದನ್ನು ನಿಲ್ಲಿಸಿದ ಹಳೆಯ ಬೈಂಡಿಂಗುಗಳನ್ನು ಅಂಗಡಿಯವರು ಸರಿಪಡಿಸಲು ಒಪ್ಪುವುದಿಲ್ಲವಾದುದರಿಂದ, ಹಣ ಕೊಡುವ ಮೊದಲೇ ಬೈಂಡಿಂಗಿನ ಹೆಸರನ್ನೂ ಮಾದರಿಯನ್ನೂ ಬರೆದುಕೊಂಡು ಹೋಗಿ ಹತ್ತಿರದ ಕುಶಲಕರ್ಮಿಯನ್ನು ಕೇಳಿಬರುವುದು ವಿಹಿತ.